ಸೋನ್ಯಾಳದಲ್ಲಿ ಸಣ್ಣ ಮನೆ: ಗೌಂಡಿಯನ್ನು ಕರೆಯುವ ಮೊದಲು ಉತಾರ ನೋಡಿ

25 ಚದರ ಮೀಟರ್. ಅಂದರೆ ಸುಮಾರು 269 ಚದರ ಅಡಿ. ಒಂದು ಕೋಣೆ, ಅಡುಗೆಗೆ ಒಂದಿಷ್ಟು ಜಾಗ, ಮುಂದೆ ಕೂರಲು ಕಟ್ಟೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಕಟ್ಟುವ ಮನೆ ಇದಕ್ಕಿಂತ ಸಣ್ಣದಿರಬಾರದು ಎಂದು ಸರಕಾರ ಹಾಕಿರುವ ಅಳತೆ ಇದು. ಈಗ ಮೊಬೈಲ್ ತೆರೆದರೆ ಸಾಕು, ‘ಟೈನಿ ಹೋಮ್’ ಎಂಬ ಹೆಸರಿನಲ್ಲಿ ಇಷ್ಟೇ ಅಳತೆಯ ಚೆಂದದ ಮನೆಗಳ ವಿಡಿಯೊಗಳು ಬರುತ್ತವೆ. ಹೆಸರು ಹೊಸದು, ಮನೆ ಹೊಸದಲ್ಲ. ಇಷ್ಟೇ ಜಾಗದಲ್ಲಿ ಆರೇಳು ಮಂದಿ ಬದುಕು ಸಾಗಿಸುವ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಸೋನ್ಯಾಳ ಅಂಥ ಹಳ್ಳಿಗಳಲ್ಲೊಂದು. ಇದು ಬರದ ಸೀಮೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಜತ್ತದ ಪೂರ್ವ ಭಾಗದ ಹಳ್ಳಿಗಳವರಿಗೆ ತಮ್ಮ ಜಿಲ್ಲಾ ಕೇಂದ್ರ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ನೀರಿಲ್ಲದ ಸಿಟ್ಟಿಗೆ ಈ ತಾಲೂಕಿನ ನಲವತ್ತರಷ್ಟು ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಮಾತಾಡಿದ್ದವು. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನೇ ಪ್ರಸ್ತಾಪಿಸಿದಾಗ ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಯಿತು. ಗಡಿಯ ಜಗಳ ಬಂದಾಗ ಮಾತ್ರ ಈ ಊರುಗಳ ಹೆಸರು ಪತ್ರಿಕೆಯಲ್ಲಿ ಕಾಣುತ್ತದೆ. ಅಲ್ಲಿನವರು ಒಂದು ಮನೆ ಕಟ್ಟಿಕೊಳ್ಳಲು ಯಾವ ಕಚೇರಿಯ ಯಾವ ಕಾಗದಕ್ಕೆ ಅಲೆಯಬೇಕು ಎಂಬುದು ಸುದ್ದಿಯಾಗುವುದಿಲ್ಲ.

ಕರಾವಳಿಯವರಿಗೆ ಈ ಪಾಡು ಅಪರಿಚಿತವೇನಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ 9/11ಗಾಗಿ ಪಂಚಾಯತ್ ಮೆಟ್ಟಿಲು ಹತ್ತಿ ಸುಸ್ತಾದವರಿದ್ದಾರೆ. ಮಂಜೇಶ್ವರ, ಕಾಸರಗೋಡಿನಲ್ಲಿ ಕನ್ನಡ ಓದಿದವರು ಮಲಯಾಳದ ಅರ್ಜಿ ಹಿಡಿದು ಯಾರಲ್ಲಾದರೂ ಓದಿಸಿಕೊಳ್ಳುತ್ತಾರೆ. ರಾಜ್ಯ ಬೇರೆ, ಕಾನೂನು ಬೇರೆ, ಎಡವುವ ಜಾಗ ಮಾತ್ರ ಒಂದೇ.

‘ಸಣ್ಣ ಮನಿ ಐತಿ, ಯಾರ್ ಕೇಳ್ತಾರ?’ ಅಲ್ಲಿನವರ ಈ ಮಾತಿಗೂ, ‘ಅಷ್ಟು ಸಣ್ಣ ಮನೆಗೆ ಎಂಥ ಪರ್ಮಿಶನ್?’ ಎಂಬ ಇಲ್ಲಿನವರ ಮಾತಿಗೂ ವ್ಯತ್ಯಾಸವಿಲ್ಲ. ಕಾನೂನು ಮೊದಲು ಕೇಳುವುದು ಮನೆ ಎಷ್ಟು ದೊಡ್ಡದು ಎಂದಲ್ಲ, ಅದು ನಿಂತ ಮಣ್ಣು ಯಾವುದು ಎಂದು. ಮೂರು ಮಹಡಿಗೆ ಅನ್ವಯಿಸುವ ಆ ಪ್ರಶ್ನೆ ಒಂದೇ ಕೋಣೆಯ ಮನೆಗೂ ಅನ್ವಯಿಸುತ್ತದೆ.

ಊರೊಳಗೋ, ಹೊಲದಲ್ಲೋ?

ಮಹಾರಾಷ್ಟ್ರದ ಹಳ್ಳಿಯಲ್ಲಿ ಮೊದಲು ತಿಳಿಯಬೇಕಾದ ಪದ ಗಾವಠಾಣ. ಕರ್ನಾಟಕದಲ್ಲಿ ಗ್ರಾಮಠಾಣಾ ಎನ್ನುವುದು ಇದನ್ನೇ. ಮನೆಗಳಿರುವ ಹಳೆಯ ಊರಿನ ಭಾಗ. ಇದರ ಎಲ್ಲೆಯನ್ನು ಮಹಾರಾಷ್ಟ್ರ ಭೂಕಂದಾಯ ಸಂಹಿತೆ 1966ರ 122ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಗೊತ್ತುಪಡಿಸುತ್ತಾರೆ. ಗಾವಠಾಣದೊಳಗೆ ಮನೆ ಕಟ್ಟಲು ಕೃಷಿಯೇತರ ಪರಿವರ್ತನೆ ಬೇಕಿಲ್ಲ. ಅಲ್ಲಿನವರು ಅದನ್ನು ‘ಎನ್‌ಎ’ ಎನ್ನುತ್ತಾರೆ, ನಮ್ಮವರು ‘ಕನ್ವರ್ಷನ್’ ಎನ್ನುತ್ತಾರೆ. ಜಾಗ ತನ್ನದೇ ಎಂದು ತೋರಿಸಿದರಾಯಿತು.

ಆದರೆ ಅದನ್ನು ತೋರಿಸುವುದೇ ಕಷ್ಟವಾಗಿತ್ತು. ಗಾವಠಾಣದ ಮನೆಗಳಿಗೆ ಹೊಲದಂತೆ ಉತಾರ ಇರುವುದಿಲ್ಲ. ಅಜ್ಜನ ಕಾಲದಿಂದ ಇದ್ದೇವೆ ಎಂಬ ಮಾತು, ಪಂಚಾಯತ್‌ಗೆ ಕಟ್ಟಿದ ಮನೆಪಟ್ಟಿಯ ರಶೀದಿ, ಅಷ್ಟೇ ಆಧಾರ. ಈ ಕೊರತೆ ನೀಗಿಸಲೆಂದೇ 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಡ್ರೋನ್ ಹಾರಿಸಿ ಊರಿನ ಪ್ರತಿ ಮನೆಯ ಜಾಗವನ್ನು ಅಳೆದು, ಮಾಲೀಕನ ಹೆಸರಿನಲ್ಲಿ ಪ್ರಾಪರ್ಟಿ ಕಾರ್ಡ್ ಕೊಡುವುದು ಇದರ ಕ್ರಮ. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಸಣ್ಣ ಮನೆ ಕಟ್ಟುವವರು ಮೊದಲು ಈ ಕಾರ್ಡ್ ಆಗಿದೆಯೇ, ಆಗಿದ್ದರೆ ಅದರಲ್ಲಿ ಅಣ್ಣತಮ್ಮಂದಿರ ಹೆಸರು ಸರಿಯಾಗಿ ಬಂದಿದೆಯೇ ಎಂದು ನೋಡಬೇಕು. ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ವಾರಸಾ ನೋಂದಣಿ ಮೊದಲು, ಪಾಯ ಆಮೇಲೆ.

ಗಾವಠಾಣ ತುಂಬಿಹೋಗಿದೆ, ಜಾಗ ಇಲ್ಲ ಅಂದರೆ? ಊರಿನ ಎಲ್ಲೆಯಿಂದ 200 ಮೀಟರ್ ಒಳಗಿನ ಜಮೀನಿಗೆ ಒಂದು ಸೌಲಭ್ಯವಿದೆ. ಭೂಕಂದಾಯ ಸಂಹಿತೆಗೆ ಆಮೇಲೆ ಸೇರಿಸಿದ 42-ಡಿ ಕಲಂ ಪ್ರಕಾರ, ಪ್ರಾದೇಶಿಕ ಯೋಜನೆಯಲ್ಲಿ ಆ ಜಾಗ ವಸತಿಗೆಂದು ಗುರುತಾಗಿದ್ದರೆ ಅದು ಪರಿವರ್ತನೆಯಾದಂತೆಯೇ ಲೆಕ್ಕ. ಪರಿವರ್ತನಾ ತೆರಿಗೆ ಕಟ್ಟಿ ತಹಶೀಲ್ದಾರ ಕಚೇರಿಯಿಂದ ಸನದ್ ಪಡೆಯಬೇಕು. ಊರಲ್ಲಿ ‘ಇನ್ನೂರು ಮೀಟರ್ ಒಳಗಿದ್ದರೆ ಏನೂ ಬೇಡ’ ಎಂದು ಹೇಳುವವರು ಈ ‘ಗುರುತಾಗಿದ್ದರೆ’ ಎಂಬ ಪದವನ್ನು ಬಿಟ್ಟು ಹೇಳುತ್ತಾರೆ. ಜಾಗ ಮಾರಲು ಬಂದವರಂತೂ ಹಾಗೆಯೇ ಹೇಳುತ್ತಾರೆ.

ಹೊಲದ ವಸ್ತಿ

ಜತ್ತ ಸೀಮೆಯಲ್ಲಿ ಊರೊಳಗೆ ಇರುವವರಷ್ಟೇ ಹೊಲದಲ್ಲಿ ಮನೆ ಮಾಡಿಕೊಂಡವರೂ ಸಿಗುತ್ತಾರೆ. ಅದಕ್ಕೆ ವಸ್ತಿ ಎನ್ನುತ್ತಾರೆ. ಬಾವಿ, ನಾಲ್ಕು ಕುರಿ, ಎರಡು ಎಮ್ಮೆ, ತಗಡಿನ ಶೆಡ್ಡು, ಪಕ್ಕದಲ್ಲಿ ಮನೆ. ಇವರಿಗೆ ಕಾನೂನಿನಲ್ಲಿ ಒಂದು ಒಳ್ಳೆಯ ದಾರಿ ಇದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಭೂಕಂದಾಯ ಸಂಹಿತೆಯ 2ನೇ ಕಲಂ ‘ಕೃಷಿ ಕಟ್ಟಡ’ ಎಂದರೆ ಏನು ಎಂದು ವಿವರಿಸುತ್ತದೆ. ಬೀಜ, ಗೊಬ್ಬರ, ಮೇವು, ದವಸ ಇಡುವ ಕೊಟ್ಟಿಗೆ, ದನದ ಹಟ್ಟಿ ಇವುಗಳ ಜೊತೆಗೆ ಜಮೀನಿನ ಹಕ್ಕುದಾರನ ಕುಟುಂಬದವರು, ಆಳುಗಳು ವಾಸಿಸುವ ಮನೆಯೂ ಅದರಲ್ಲಿ ಬರುತ್ತದೆ. 41ನೇ ಕಲಂ ಪ್ರಕಾರ ಕೃಷಿಕ ತನ್ನ ಹೊಲದಲ್ಲಿ ಇಂಥ ಕಟ್ಟಡ ಕಟ್ಟಿಕೊಳ್ಳಬಹುದು, ಎನ್‌ಎ ಬೇಕಿಲ್ಲ. ದೊಡ್ಡ ನಗರಗಳ ಸುತ್ತಮುತ್ತ ಮಾತ್ರ ಇದಕ್ಕೆ ಜಿಲ್ಲಾಧಿಕಾರಿಯ ಅನುಮತಿ, ಜಮೀನಿನ ಕನಿಷ್ಠ ಅಳತೆ ಇತ್ಯಾದಿ ಕಟ್ಟುಪಾಡುಗಳಿವೆ.

ಈ ರಿಯಾಯಿತಿ ಬೇಸಾಯಗಾರನ ಸ್ವಂತ ವಾಸಕ್ಕೆ ಮಾತ್ರ. ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟರೆ, ಮನೆಯನ್ನು ಬಾಡಿಗೆಗೆ ಕೊಟ್ಟರೆ ಅದು ಕೃಷಿ ಕಟ್ಟಡವಾಗಿ ಉಳಿಯುವುದಿಲ್ಲ. ಆಗ 44ನೇ ಕಲಂ ಪ್ರಕಾರ ಎನ್‌ಎ ಬೇಕು. ಇಲ್ಲವಾದರೆ 45ನೇ ಕಲಂ ಪ್ರಕಾರ ದಂಡ ಬೀಳುತ್ತದೆ. ಇನ್ನೊಂದು ಮಾತು, ಕೃಷಿ ಜಮೀನಿನ ಮೇಲಿನ ಮನೆಗೆ ಗೃಹಸಾಲ ಕೊಡಲು ಬ್ಯಾಂಕುಗಳು ಸುಲಭವಾಗಿ ಒಪ್ಪುವುದಿಲ್ಲ. ಸಾಲ ನಂಬಿ ಪಾಯ ತೋಡುವವರು ಇದನ್ನು ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಒಂದೆರಡು ಗುಂಟೆಯ ಬಲೆ

ಹೊಲ ಇಲ್ಲದವರ ಕಷ್ಟ ಬೇರೆ. ಒಂದು ಕುಟುಂಬ ಅಂದುಕೊಳ್ಳಿ. ಕೂಲಿ ಮಾಡಿ, ಮಗನನ್ನು ಕೆಲಸಕ್ಕೆ ಕಳಿಸಿ ಒಂದಿಷ್ಟು ದುಡ್ಡು ಕೂಡಿಸಿದ್ದಾರೆ. ಊರ ಪಕ್ಕದ ರೈತ ‘ಎರಡು ಗುಂಟೆ ಕೊಡ್ತೀನಿ, ಮನಿ ಕಟ್ಕೊ’ ಅನ್ನುತ್ತಾನೆ. ನೋಟರಿ ಮುಂದೆ ಕಾಗದ ಆಗುತ್ತದೆ, ದುಡ್ಡು ಕೈ ಬದಲಾಗುತ್ತದೆ. ಮನೆ ಏಳುತ್ತದೆ. ಆದರೆ ಉತಾರದಲ್ಲಿ ಅವರ ಹೆಸರು ಬರುವುದೇ ಇಲ್ಲ.

ಕಾರಣ 1947ರ ತುಕಡೆಬಂದಿ ಕಾಯ್ದೆ. ಹೊಲಗಳು ಚೂರುಚೂರಾಗಿ ಬೇಸಾಯಕ್ಕೆ ಬಾರದಂತಾಗಬಾರದು ಎಂದು ಮಾಡಿದ ಕಾನೂನು ಇದು. 2023ರ ಅಧಿಸೂಚನೆಯಂತೆ ಮಹಾರಾಷ್ಟ್ರದ ಬಹುತೇಕ ಜಿಲ್ಲೆಗಳಲ್ಲಿ ಮಳೆಯಾಶ್ರಿತ ಹೊಲವನ್ನು 20 ಗುಂಟೆಗಿಂತ, ನೀರಾವರಿ ಹೊಲವನ್ನು 10 ಗುಂಟೆಗಿಂತ ಸಣ್ಣದಾಗಿ ಒಡೆದು ಮಾರುವಂತಿಲ್ಲ. ಕರಾವಳಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್. 20 ಗುಂಟೆ ಎಂದರೆ ಅರ್ಧ ಎಕರೆ. ಐದು ಸೆಂಟ್ಸ್ ಮನೆ ಜಾಗಕ್ಕೆ ಅರ್ಧ ಎಕರೆ ಕೊಳ್ಳುವ ಶಕ್ತಿ ಯಾರಿಗಿದೆ? ಹೀಗಾಗಿ ಬಡವರೇ ನೋಟರಿ ಕಾಗದದ ಬಲೆಗೆ ಬೀಳುತ್ತಾರೆ. ಮಾರಿದವನ ಮಕ್ಕಳು ನಾಳೆ ‘ಇದು ನಮ್ಮ ಹೊಲ’ ಎಂದರೆ ಕೈಯಲ್ಲಿ ಹಕ್ಕಿನ ಆಧಾರ ಇರುವುದಿಲ್ಲ.

ಸರಕಾರ ಈ ಕಟ್ಟನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತಿದೆ. ಹಳೆಯ ತುಂಡು ವ್ಯವಹಾರಗಳನ್ನು ಸಕ್ರಮ ಮಾಡಿಕೊಳ್ಳಲು ಕಟ್ಟಬೇಕಿದ್ದ ಮೊತ್ತವನ್ನು 2024ರಲ್ಲಿ ಜಮೀನಿನ ಸರಕಾರಿ ಬೆಲೆಯ ಶೇ. 25ರಿಂದ ಶೇ. 5ಕ್ಕೆ ಇಳಿಸಲಾಯಿತು. ಬಾವಿ, ಹೊಲದ ದಾರಿ ಮತ್ತು ಸರಕಾರಿ ವಸತಿ ಯೋಜನೆಯ ಫಲಾನುಭವಿಯ ಮನೆಗೆ ಬೇಕಾದ ಸಣ್ಣ ತುಂಡನ್ನು ಜಿಲ್ಲಾಧಿಕಾರಿಯ ಪೂರ್ವಾನುಮತಿ ಪಡೆದು ಕೊಳ್ಳಬಹುದು ಎಂಬ ನಿಯಮವೂ ಬಂದಿದೆ. ಹೊಲ ಇಲ್ಲದ ಬಡ ಕುಟುಂಬಕ್ಕೆ ಇದು ನಿಜಕ್ಕೂ ಉಪಯೋಗದ ಬಾಗಿಲು. ಪಂಚಾಯತ್ ಸಮಿತಿಯಲ್ಲಿ ಹೆಸರು ಹಿಡಿದು ಕೇಳಬೇಕಾದ್ದು ಇದನ್ನೇ.

ಉತಾರ ಕೈಗೆ ಬಂದಾಗ ಎರಡು ಕಡೆ ಕಣ್ಣು ಹಾಯಿಸಿ. ಮಹಾರಾಷ್ಟ್ರದ ಸಾತಬಾರಾ, ಅಂದರೆ 7/12, ನಮ್ಮ ಪಹಣಿ ಇದ್ದಂತೆ. ಅದರಲ್ಲಿ ‘ಭೋಗವಟಾದಾರ ವರ್ಗ 1’ ಎಂದಿದ್ದರೆ ಮಾಲೀಕ ಜಮೀನು ಮಾರಬಹುದು. ‘ವರ್ಗ 2’ ಎಂದಿದ್ದರೆ ಸರಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ‘ಇತರ ಹಕ್ಕು’ ಎಂಬ ಅಂಕಣದಲ್ಲಿ ಸಾಲದ ಬೋಜಾ, ಅಕ್ಕತಂಗಿಯರ ಪಾಲು, ಇನಾಮು ಇವೆಲ್ಲ ಇರುತ್ತವೆ. ಮಸೀದಿ, ದರ್ಗಾದ ಸೇವೆಗೆ ಬಿಟ್ಟ ಇನಾಮು ಜಮೀನನ್ನು ಮುಜಾವರ ಕುಟುಂಬದವರೇ ‘ನಮ್ಮದು’ ಎಂದು ಮಾರಲು ಬಂದರೂ ಮುಟ್ಟಬೇಡಿ. ವಕ್ಫ್ ಕಾಯ್ದೆ 1995ರ ಪ್ರಕಾರ ವಕ್ಫ್ ಆಸ್ತಿಯ ಮಾರಾಟ ಊರ್ಜಿತವೇ ಅಲ್ಲ. ಗಾಯರಾಣವೂ ಹಾಗೆಯೇ. ದನ ಮೇಯುವ ಊರ ಸಾಮೂಹಿಕ ಜಾಗ ಅದು. ಇಂಥ ಜಾಗಗಳ ಅತಿಕ್ರಮಣ ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ.

ಪಂಚಾಯತ್ ಏನು ಕೇಳುತ್ತದೆ

ಮಣ್ಣಿನ ಪ್ರಶ್ನೆ ಮುಗಿದ ಮೇಲೆ ಕಟ್ಟಡದ್ದು. ಗ್ರಾಮ ಪಂಚಾಯತ್ ಕಾಯ್ದೆ 1958ರ 52ನೇ ಕಲಂ ಪ್ರಕಾರ ಪಂಚಾಯತ್ ಅನುಮತಿಯಿಲ್ಲದೆ ಊರಲ್ಲಿ ಕಟ್ಟಡ ಏಳುವಂತಿಲ್ಲ. ಆದರೆ ಸಣ್ಣ ಮನೆಯವರಿಗೆ ಈಗ ಹಾದಿ ಹಗುರವಾಗಿದೆ. 2020ರ ಡಿಸೆಂಬರ್‌ನಲ್ಲಿ ಮುಂಬಯಿಯಂಥ ಕೆಲವು ಕಡೆ ಬಿಟ್ಟು ರಾಜ್ಯದ ಉಳಿದೆಡೆಗೆ ಒಂದೇ ಏಕೀಕೃತ ಕಟ್ಟಡ ನಿಯಮಾವಳಿ ಬಂತು. ಅದರ ಆಧಾರದಲ್ಲಿ 2021ರಲ್ಲಿ ಗ್ರಾಮವಿಕಾಸ ಇಲಾಖೆ ಹಳ್ಳಿಗಳಿಗೆ ಹೇಳಿದ್ದು ಹೀಗೆ: ನಿವೇಶನ 150 ಚದರ ಮೀಟರ್ ಒಳಗಿದ್ದರೆ, ಅಂದರೆ ಸುಮಾರು 1600 ಚದರ ಅಡಿಯವರೆಗೆ, ಅನುಮತಿಗೆ ಕಾಯಬೇಕಿಲ್ಲ. ಮಾಲೀಕತ್ವದ ಕಾಗದ, ಜಾಗದ ನಕ್ಷೆ, ಮನೆಯ ನಕ್ಷೆ, ನಿಯಮದಂತೆ ಇದೆ ಎಂಬ ಪರವಾನಗಿ ಪಡೆದ ಎಂಜಿನಿಯರ್‌ರ ದಾಖಲೆ ಕೊಟ್ಟು ಶುಲ್ಕ ಕಟ್ಟಿದರೆ ಸಾಕು. 1600ರಿಂದ 3200 ಚದರ ಅಡಿಯವರೆಗೆ ಗ್ರಾಮ ಪಂಚಾಯತ್‌ನ ಅನುಮತಿ ಬೇಕು, ನಗರ ಯೋಜನಾ ಕಚೇರಿಗೆ ಹೋಗಬೇಕಿಲ್ಲ.

ಇಲ್ಲಿ ಶುಲ್ಕ ಕಟ್ಟಿದ ರಶೀದಿ ಬಹಳ ಮುಖ್ಯ. ಗ್ರಾಮಸೇವಕರಿಗೆ ಬಾಯಲ್ಲಿ ಹೇಳಿ ಬಂದರೆ ಅದು ಸೂಚನೆ ಕೊಟ್ಟಂತಲ್ಲ.

ಕೋಣೆಗೂ ಅಳತೆಯಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ವಾಸದ ಕೋಣೆ 9.5 ಚದರ ಮೀಟರ್‌ಗಿಂತ, ಅಂದರೆ ಸುಮಾರು 100 ಚದರ ಅಡಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಎತ್ತರ 2.75 ಮೀಟರ್ ಇರಬೇಕು. ಜತ್ತದ ಬಿಸಿಲಿಗೆ ತಗಡಿನ ಚಾವಣಿಯನ್ನು ಏಳಡಿಗೆ ಇಳಿಸಿದರೆ ಮಧ್ಯಾಹ್ನ ಒಳಗೆ ಮಕ್ಕಳು ಕೂರಲಾರರು. ಆ ಸೀಮೆಯ ಹಿರಿಯರು ದಪ್ಪ ಗೋಡೆ ಎಬ್ಬಿಸಿ ಮೇಲೆ ಮಣ್ಣಿನ ಮಾಳಿಗೆ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ಕಂಟೇನರ್ ಮನೆ, ಚಕ್ರದ ಮೇಲಿನ ಮನೆ ಬಗ್ಗೆ ಯುವಕರು ಕೇಳುತ್ತಾರೆ. ಪಂಚಾಯತ್ ಕಾಯ್ದೆಯ ಲೆಕ್ಕದಲ್ಲಿ ಗುಡಿಸಲು, ಶೆಡ್ಡು ಕೂಡ ಕಟ್ಟಡವೇ. ಕಂಟೇನರನ್ನು ಪಾಯದ ಮೇಲೆ ಕೂರಿಸಿ, ಕರೆಂಟು ಎಳೆದು, ಶೌಚಾಲಯ ಜೋಡಿಸಿದ ಮೇಲೆ ಅದು ಗಾಡಿ ಎಂದು ವಾದಿಸುವುದು ಕಷ್ಟ.

ಮರಾಠಿ ಬಾರದವರು

ಕಾಗದವೆಲ್ಲ ಮರಾಠಿಯಲ್ಲಿದ್ದು ಓದಲು ಬಾರದಿದ್ದರೆ ಏಜೆಂಟನ ಮಾತೇ ಕಾನೂನಾಗುತ್ತದೆ. ಸಂವಿಧಾನದ 350ನೇ ವಿಧಿ ಕೇಂದ್ರದಲ್ಲಾಗಲಿ ಆಯಾ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸೋನ್ಯಾಳದವರು ತಹಶೀಲ್ದಾರರಿಗೆ ಕನ್ನಡದಲ್ಲಿ ದೂರು ಬರೆದರೆ ಭಾಷೆಯ ಕಾರಣ ಹೇಳಿ ವಾಪಸ್ ಕೊಡುವಂತಿಲ್ಲ. ಆದರೆ ಇದು ದೂರು, ಮನವಿಗೆ ಮಾತ್ರ. ಕ್ರಯಪತ್ರದ ವಿಷಯ ಬೇರೆ. 1908ರ ನೋಂದಣಿ ಕಾಯ್ದೆಯಂತೆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಅನುವಾದ ಲಗತ್ತಿಸಬೇಕಾಗುತ್ತದೆ. ಹಾಗಾಗಿ ಹೆಚ್ಚಿನವು ಮರಾಠಿಯಲ್ಲೇ ಆಗುತ್ತವೆ. ಸಹಿ ಹಾಕುವ ಮೊದಲು ಎರಡೂ ಭಾಷೆ ಬಲ್ಲ, ವ್ಯವಹಾರದಲ್ಲಿ ಪಾಲಿಲ್ಲದ ಒಬ್ಬರಿಂದ ಓದಿಸಿ ಕೇಳಿ. ಊರಿನ ಶಾಲೆಯ ಮಾಸ್ತರರು ಸಿಕ್ಕರೆ ಏಜೆಂಟನಿಗಿಂತ ಎಷ್ಟೋ ವಾಸಿ.

ದುಡ್ಡು ಎಲ್ಲಿಂದ

ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ನಿಗದಿಯಾಗಿದೆ. ಇದರ ಜೊತೆ ಉದ್ಯೋಗ ಖಾತ್ರಿಯ 90 ದಿನಗಳ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ ಸೇರುವಂತೆ ಯೋಜನೆ ರೂಪಿಸಲಾಗಿದೆ. ಮಹಾರಾಷ್ಟ್ರದಲ್ಲಿ ಇದನ್ನು ‘ಘರಕುಲ’ ಎಂದೇ ಕರೆಯುತ್ತಾರೆ. ಘರಕುಲ ಫಲಾನುಭವಿಗೆ 5 ಬ್ರಾಸ್ ಮರಳು ಉಚಿತ ಎಂಬ ನೀತಿಯೂ ಇದೆ. ಜಾಗ ಇಲ್ಲದವರಿಗೆ ಪಂಡಿತ ದೀನದಯಾಳ ಉಪಾಧ್ಯಾಯ ಹೆಸರಿನ ರಾಜ್ಯ ಯೋಜನೆಯಲ್ಲಿ 500 ಚದರ ಅಡಿವರೆಗೆ ಜಾಗ ಕೊಳ್ಳಲು ನೆರವು ಸಿಗುತ್ತದೆ. ಮೊದಲು 50,000 ಇದ್ದದ್ದನ್ನು ಆಮೇಲೆ ಒಂದು ಲಕ್ಷಕ್ಕೆ ಏರಿಸಲಾಗಿದೆ. ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಶೇ. 15ರಷ್ಟು ಅಲ್ಪಸಂಖ್ಯಾತರಿಗೆ ಮೀಸಲಿಡಬೇಕು ಎಂಬ ಮಾತೂ ಇದೆ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವ ದಿನ ಹಾಜರಿದ್ದವರಿಗೆ ಇದನ್ನು ಕೇಳುವ ಅವಕಾಶ ಇರುತ್ತದೆ.

1.20 ಲಕ್ಷದಲ್ಲಿ ಮನೆ ಮುಗಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೈಯಿಂದ ಎಷ್ಟು ಹಾಕಬೇಕು ಎಂಬುದು ಯಾರು ಕಟ್ಟುತ್ತಾರೆ, ಹೇಗೆ ಕಟ್ಟುತ್ತಾರೆ ಎಂಬುದರ ಮೇಲೆ ನಿಂತಿದೆ.

ಗೌಂಡಿ ಹುಡುಕುವುದು

ನಾವು ಮೇಸ್ತ್ರಿ ಎನ್ನುವವರನ್ನು ಅಲ್ಲಿ ಗೌಂಡಿ ಎನ್ನುತ್ತಾರೆ. ಎರಡು ಕೋಣೆಯ ಮನೆಗೆ ದೊಡ್ಡ ಕಂಟ್ರಾಕ್ಟರ್ ಬರುವುದಿಲ್ಲ, ಬಂದರೂ ಹೊಂದುವುದಿಲ್ಲ. ಘರಕುಲದಲ್ಲಂತೂ ಸರಕಾರ ಕಂಟ್ರಾಕ್ಟರನ್ನು ನೇಮಿಸುವಂತಿಲ್ಲ. ಫಲಾನುಭವಿಯೇ ಕಟ್ಟಬೇಕು, ಕೆಲಸ ಮುಂದುವರಿದಂತೆ ಫೋಟೊ ತೆಗೆದು ಕಂತಿನಲ್ಲಿ ದುಡ್ಡು ಅವರ ಖಾತೆಗೇ ಬರುತ್ತದೆ. ಯಾರಾದರೂ ‘ಪಾಸ್‌ಬುಕ್ ನನಗೆ ಕೊಡಿ, ಮನೆ ನಾನು ಕಟ್ಟಿಸಿಕೊಡ್ತೇನೆ’ ಅಂದರೆ ಅಲ್ಲೇ ಕೈಮುಗಿದು ಕಳಿಸಿಬಿಡಿ. ಇದೇ ಯೋಜನೆಯಡಿ ಗ್ರಾಮೀಣ ಗೌಂಡಿಗಳಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವ ಕಾರ್ಯಕ್ರಮವಿದೆ. ತರಬೇತಿ ಪಡೆದವರು ಹತ್ತಿರದಲ್ಲಿ ಯಾರಿದ್ದಾರೆ ಎಂದು ಪಂಚಾಯತ್ ಸಮಿತಿಯಲ್ಲಿ ವಿಚಾರಿಸಬಹುದು.

ಆದರೆ ಪ್ರಮಾಣಪತ್ರಕ್ಕಿಂತ ಮೊದಲು ನೋಡಬೇಕಾದ್ದು ಅವರು ಮೂರು ವರ್ಷದ ಹಿಂದೆ ಕಟ್ಟಿದ ಮನೆ. ಹೊಸ ಮನೆ ಎಲ್ಲವೂ ಚೆಂದವೇ ಕಾಣುತ್ತದೆ. ಮೂರು ಮಳೆ, ಮೂರು ಬೇಸಿಗೆ ಕಳೆದ ಗೋಡೆ ಸುಳ್ಳು ಹೇಳುವುದಿಲ್ಲ. ಈ ಸೀಮೆಯಲ್ಲಿ ಎರಿ ಮಣ್ಣಿದ್ದರೆ ಇನ್ನೂ ಎಚ್ಚರ ಬೇಕು. ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗಟ್ಟಿ ಗರಸು ಸಿಗುವ ತನಕ ಪಾಯ ಇಳಿಸದಿದ್ದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ಮಡ್ಡಿ ನೆಲದಲ್ಲಿ ಈ ತಾಪತ್ರಯ ಕಡಿಮೆ. ಮುರಕಲ್ಲಿನ ನೆಲದಲ್ಲಿ ಕೆಲಸ ಕಲಿತ ಕರಾವಳಿಯ ಮೇಸ್ತ್ರಿಗೆ ಇದು ಗೊತ್ತಿರಬೇಕೆಂದೇನಿಲ್ಲ, ಸ್ಥಳೀಯ ಗೌಂಡಿಗೆ ಗೊತ್ತಿರುತ್ತದೆ.

ಸಮಯವೂ ಒಂದು ಲೆಕ್ಕ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ ಕಾಂಕ್ರೀಟಿಗೆ ನೀರುಣಿಸುವುದು ಹೇಗೆ? ಸ್ಲ್ಯಾಬ್‌ಗೆ ಕಡಿಮೆಯೆಂದರೂ ಏಳರಿಂದ ಹತ್ತು ದಿನ ನೀರು ನಿಲ್ಲಿಸಬೇಕು. ಆದ್ದರಿಂದ ಮಳೆ ಮುಗಿದು ಬಾವಿಯಲ್ಲಿ ನೀರಿರುವ ತಿಂಗಳುಗಳೇ ಕೆಲಸಕ್ಕೆ ಒಳ್ಳೆಯವು. ಆದರೆ ಅದೇ ಹೊತ್ತಿಗೆ ಜತ್ತದ ಎಷ್ಟೋ ಕುಟುಂಬಗಳು ಗಂಡಹೆಂಡತಿ ಸಮೇತ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೋಗಿರುತ್ತವೆ. ನೀರಿದ್ದಾಗ ಆಳಿಲ್ಲ, ಆಳು ಬಂದಾಗ ನೀರಿಲ್ಲ. ಗೌಂಡಿಯ ಜೊತೆ ದಸರೆಗೆ ಮೊದಲೇ ಮಾತಾಡಿ, ಕೈಯಾಳುಗಳು ಯಾರು ಎಂದು ಹೆಸರು ಸಮೇತ ಗೊತ್ತುಮಾಡಿಕೊಂಡವರ ಮನೆ ಮಾತ್ರ ಹೊತ್ತಿಗೆ ಮುಗಿಯುತ್ತದೆ.

ಒಪ್ಪಂದವನ್ನು ಬರೆದಿಡಿ. ಬರೀ ಕೂಲಿ ಗುತ್ತಿಗೆಯೋ, ಸಾಮಾನು ಸಹಿತವೋ? ಚದರ ಅಡಿ ಲೆಕ್ಕದಲ್ಲಿ ಕಟ್ಟೆ, ಮೆಟ್ಟಿಲು, ಶೌಚಾಲಯದ ಗುಂಡಿ ಸೇರುತ್ತದೋ ಇಲ್ಲವೋ? ಹೆಚ್ಚಿನ ಜಗಳ ಹುಟ್ಟುವುದು ಈ ಕೊನೆಯ ಪ್ರಶ್ನೆಯಲ್ಲಿ. ಕಲ್ಲು, ಮರಳನ್ನು ಬ್ರಾಸ್ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರ್ಯಾಕ್ಟರ್ ಟ್ರೈಲರಿನ ಉದ್ದ, ಅಗಲ, ಎತ್ತರ ಟೇಪು ಹಿಡಿದು ಗುಣಿಸಿದರೆ ಬಂದದ್ದು ಒಂದು ಬ್ರಾಸೋ ಮುಕ್ಕಾಲೋ ಅಲ್ಲೇ ಗೊತ್ತಾಗುತ್ತದೆ. ದುಡ್ಡನ್ನು ಪಾಯ, ಗೋಡೆ, ಸ್ಲ್ಯಾಬ್, ಗಿಲಾವು ಎಂದು ಹಂತಕ್ಕೆ ಇಷ್ಟು ಎಂದು ಕೊಡಿ, ಕೊನೆಯ ಕಂತನ್ನು ಒಂದು ಮಳೆ ಬಂದು ಚಾವಣಿ ಸೋರುವುದಿಲ್ಲ ಎಂದು ಖಾತ್ರಿಯಾಗುವ ತನಕ ಇಟ್ಟುಕೊಳ್ಳಿ. ಕೊಟ್ಟಷ್ಟಕ್ಕೂ ಸಹಿ ಪಡೆಯಿರಿ. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಿಂದ 100 ರೂಪಾಯಿ ಛಾಪಾ ಕಾಗದದ ಜಾಗಕ್ಕೆ 500ರದ್ದು ಬಂದಿದೆ. ಅಷ್ಟು ಖರ್ಚು ಭಾರ ಎನಿಸಬಹುದು, ಆದರೂ ಮಾಡಬೇಕಾದ ಖರ್ಚು.

ಅರ್ಧಕ್ಕೆ ಬಿಟ್ಟು ಹೋದರೆ? ರೇರಾ ಕಾಯ್ದೆ ಇಷ್ಟು ಸಣ್ಣ ಕೆಲಸಕ್ಕೆ ಬರುವುದಿಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019 ಬರುತ್ತದೆ. ಅದರಲ್ಲಿ ‘ಸೇವೆ’ ಎಂಬ ಪದದೊಳಗೆ ಮನೆ ನಿರ್ಮಾಣವೂ ಸೇರಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದಾದ್ದರಿಂದ, ಗೌಂಡಿ ಗಡಿಯಾಚೆ ವಿಜಯಪುರದವನಾದರೂ ಸೋನ್ಯಾಳದವರು ಕರ್ನಾಟಕಕ್ಕೆ ಅಲೆಯಬೇಕಿಲ್ಲ. ಆ ದಿನ ಮುಂದಿಡಬೇಕಾದ್ದು ಅದೇ 500 ರೂಪಾಯಿಯ ಕಾಗದ ಮತ್ತು ಸಹಿ ಹಾಕಿಸಿದ ರಶೀದಿಗಳು.

ಮನೆ ಮುಗಿದು ಬೀಗರನ್ನೆಲ್ಲ ಕರೆದು ಊಟ ಹಾಕಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಗ್ರಾಮ ಪಂಚಾಯತ್‌ನ ನಮೂನೆ 8ರಲ್ಲಿ, ಅಂದರೆ ಮನೆಪಟ್ಟಿಯ ವಹಿಯಲ್ಲಿ, ಹೊಸ ಮನೆಯ ಅಳತೆ ಮತ್ತು ಹೆಸರು ಸೇರಿಸಬೇಕು. ಈ ದಾಖಲೆ ಮಾಲೀಕತ್ವಕ್ಕೆ ಪೂರ್ತಿ ಪುರಾವೆಯಲ್ಲ, ತೆರಿಗೆಯ ದಾಖಲೆ ಅಷ್ಟೇ. ಆದರೂ ವಿದ್ಯುತ್ ಸಂಪರ್ಕಕ್ಕೆ, ವಾಸದ ದಾಖಲೆಗೆ, ಮಕ್ಕಳ ಶಾಲೆಯ ಅರ್ಜಿಗೆ ಮೊದಲು ಕೇಳುವುದು ಇದರ ನಕಲನ್ನೇ. ಹೆಸರು ಸೇರಿಸುವಾಗ ಗಂಡಹೆಂಡತಿ ಇಬ್ಬರದ್ದೂ ಬರೆಸಿ. ಮರಾಠಿಯಲ್ಲಿ ಬರೆಯುವಾಗ ಕನ್ನಡದ ಹೆಸರಿನ ಅಕ್ಷರ ತಪ್ಪುವುದು ಮಾಮೂಲು, ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ ಮೇಲೆಯೇ ನಕಲು ಪಡೆದುಕೊಳ್ಳಿ.